ಬೀರಮ್ಮನಿಗೆ ಇಲ್ಲದ ಕಾಯಿಲೆ

ಹಟ್ಟಿಕೇರಿಯ ಹುಲಿಯಾ ಕುಂಟುತ್ತ ಬಂದು ಬೆಳಂಬಾರದ ಬೀರಮ್ಮನ ಜಗುಲಿಯ ಮೇಲೆ ಕುಳಿತ. ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿಕೊಂಡಿದ್ದ.

“ಬೀರಕ್ಕ, ನಿನ್ನ ಪುಡಿ ಒಂದು ಪೊಟ್ಟಣ ಕೊಡೇ. ಮೊದಲಿಂದು ಮುಗೀತು.”

“ಯಾವ ಪುಡಿಯೋ? ಸಾರಿನ ಪುಡಿಯಾ?”

“ಸಕ್ಕರೆ ಕಾಯಿಲೆದು. ಮೊಬೈಲಲ್ಲಿ ನಿನ್ನ ಮುಖ ಕಂಡೇ ತರಿಸಿದ್ದೆ.”

ಅವನು ಮೊಬೈಲ್ ತೋರಿಸಿದ. ಸೊಸೆ ದುರ್ಗಾ ಇಣುಕಿದಳು. ಮಾವಿನ ಬುಟ್ಟಿ ಹಿಡಿದು ನಗುತ್ತಿದ್ದ ಅತ್ತೆ. ತಾನೇ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದ ಫೋಟೋ. ಕೆಳಗೆ ಹೀಗಿತ್ತು: ‘ಬೆಳಂಬಾರದ ಅಜ್ಜಿಯ ಗಿಡಮೂಲಿಕೆ. ಸಕ್ಕರೆ ಕಾಯಿಲೆ ಮಾಯ. ಇನ್ನು ಗುಳಿಗೆ ಬೇಡ.’

ಬೆಳಂಬಾರ ನಾಟಿ ಔಷಧಿಗೆ ಹೆಸರಾದ ಊರು. ಆ ಹೆಸರಿನ ಜೊತೆ ಗುರುತಿನ ಮುಖವೂ ಕಂಡ ಮೇಲೆ ಹುಲಿಯಾ ಮತ್ತೇನನ್ನೂ ವಿಚಾರಿಸಿರಲಿಲ್ಲ.

“ನಂಗೆ ಆ ಕಾಯಿಲೆ ಬಂದದ್ದೇ ಇಲ್ಲ, ಹೋಗೂದು ಎಲ್ಲಿಂದ?” ಎಂದಳು ಬೀರಮ್ಮ. “ಆಸ್ಪತ್ರೆ ಗುಳಿಗೆ ತಗಳ್ತಿ ಅಲ್ದಾ?”

ಹುಲಿಯಾ ತಲೆ ತಗ್ಗಿಸಿದ. “ಬಿಟ್ಟೆ.”

ದುರ್ಗಾ ಪಕ್ಕದ ಮನೆಗೆ ಓಡಿ ಜಯಶ್ರೀಯನ್ನು ಕರೆತಂದಳು. ಜಯಶ್ರೀ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವಳು.

“ಹಿಂಗೆ ಹೆಂಗಾಗ್ತದೆ ಜಯಕ್ಕ? ‘ನನ್ನ ಫೋಟೋ ಬಳಸಲು ಅನುಮತಿ ಇಲ್ಲ’ ಅಂತ ನಾ ಫೇಸ್‌ಬುಕ್ಕಲ್ಲಿ ನೋಟೀಸು ಹಾಕಿದ್ದೆ. ಅದರ ಧೈರ್ಯದಲ್ಲೇ ಮನೆಯವರ ಫೋಟೋ ಎಲ್ಲ ಹಾಕಿದ್ದು!”

“ಅದು ಗಾಳಿಸುದ್ದಿ ಮಾರಾಯ್ತಿ. ಯಾರೋ ಕಳಿಸ್ತಾರೆ, ಎಲ್ಲರೂ ಅಂಟಿಸ್ತಾರೆ. ಖಾತೆ ತೆರೆಯುವಾಗ ಕಂಪನಿ ಷರತ್ತಿಗೆ ‘ಒಪ್ಪಿದೆ’ ಅಂತ ಒತ್ತಿದ್ದಿ ಅಲ್ದಾ, ಅದು ನೋಟೀಸಿಂದ ಬದಲಾಗೂದಿಲ್ಲ. ಕಳ್ಳ ಅಂತೂ ಅದನ್ನ ಓದೂದೇ ಇಲ್ಲ.”

“ಮಾವಿನ ಮರಕ್ಕೆ ದೇವರ ಹೆಸರಲ್ಲಿ ತೆಂಗಿನಕಾಯಿ ಕಟ್ಟಿದ್ರೆ ಊರ ಕಳ್ಳ ಹೆದರ್ತಾನೆ,” ಎಂದಳು ಬೀರಮ್ಮ. “ಮೊಬೈಲ್ ಕಳ್ಳಂಗೆ ನಮ್ಮ ದೇವರ ಗುರ್ತ ಎಲ್ಲಿ?”

ದುರ್ಗಾಳ ಫೋಟೋಗಳನ್ನು ‘ಎಲ್ಲರೂ’ ನೋಡಬಹುದಿತ್ತು. ಜಯಶ್ರೀ ಹೇಳಿಕೊಟ್ಟಂತೆ ಅವಳೇ ಅದನ್ನು ‘ಸ್ನೇಹಿತರು ಮಾತ್ರ’ ಎಂದು ಬದಲಿಸಿದಳು. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಅಲ್ಲೇ ರಿಪೋರ್ಟ್ ಮಾಡಿದಳು.

“ಇನ್ನು ಹೆದರಿಕೆ ಇಲ್ಲ ಅಲ್ದಾ?”

“ಇಲ್ಲ ಅನ್ನೂಕಾಗೂದಿಲ್ಲ. ನಿನ್ನ ಸ್ನೇಹಿತರಲ್ಲಿ ಗುರ್ತಿಲ್ಲದವರು ಎಷ್ಟಿದ್ದಾರೆ ನೋಡು. ಅವರನ್ನ ತೆಗಿ. ನಾಳೆ ಪೊಲೀಸ್ ಠಾಣೆಗೆ ದೂರು ಕೊಡುವಾ.”

ಬೀರಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು.

“ಏಳೋ ಹುಲಿಯಾ, ಅಂಕೋಲೆ ಆಸ್ಪತ್ರೆಗೆ ಹೋಗುವಾ. ನನ್ನ ಮುಖ ಕಂಡು ಗುಳಿಗೆ ಬಿಟ್ಟಿ, ನನ್ನ ಮುಖ ಕಂಡೇ ಶುರು ಮಾಡು.”

ಡಾಕ್ಟರು ಹುಣ್ಣು ತೊಳೆದು ಗದರಿದರು. ಗುಳಿಗೆ ಮತ್ತೆ ಶುರುವಾಯಿತು. ಕಾಲು ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ಅನುಮತಿ ಇಲ್ಲವೆಂದು ಫೇಸ್‌ಬುಕ್ ಗೋಡೆಗೆ ಅಂಟಿಸಿದ ಮಾತು ನಿಮ್ಮ ಫೋಟೋ ಕಾಯುವುದಿಲ್ಲ. ಅಂಥ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ನಿಮ್ಮ ಫೋಟೋ ಯಾರಿಗೆಲ್ಲ ಕಾಣುತ್ತದೆ ಎಂದು ಇವತ್ತೇ ಮೊಬೈಲ್ ತೆರೆದು ನೋಡಿ. ಮನೆಯವರ ಫೋಟೋ ಹಾಕುವ ಮೊದಲು ಅವರನ್ನು ಕೇಳಿ. ಜಾಹೀರಾತಿನಲ್ಲಿ ಗುರುತಿನವರು ಕಂಡರೆ ಕೊಳ್ಳುವ ಮುಂಚೆ ಅವರ ಮನೆಗೊಮ್ಮೆ ಹೋಗಿ ವಿಚಾರಿಸಿ. ಡಾಕ್ಟರು ಕೊಟ್ಟ ಗುಳಿಗೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ.