ಮೂರು ಮೊಳದ ಪೆಟ್ಟಿಗೆ

ಜಾತ್ಮಿಕೊ ಹೆಬ್ಬಾವಿನ ಮರಿಯನ್ನು ಮನೆಗೆ ತಂದ ದಿನ ಅಕ್ಕ ವಿನಾರ್ಸಿ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಸೋಲೊ ಊರಿನ ಹಳೇ ಪೇಟೆಯಲ್ಲಿ ಅವಳದು ಕೋಳಿ ಸಾರು, ಅನ್ನ ಮಾರುವ ಪುಟ್ಟ ಹೋಟೆಲು. ಹಿಂದುಗಡೆಯೇ ಮನೆ. ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಎರೆಹುಳ ಕಂಡರೂ ಕಾಲೆತ್ತುವ ಹೆಂಗಸು.

"ಇದು ಬೆಳೆಯಲ್ಲ ಅಕ್ಕ. ಪೆಟ್ಟಿಗೆ ಎಷ್ಟಿರುತ್ತೋ ಹಾವೂ ಅಷ್ಟೇ ಇರುತ್ತೆ. ಮಾರಿದವನೇ ಹೇಳಿದ."

"ಹಾಗಿದ್ರೆ ನಿನಗೂ ಒಂದನೇ ಕ್ಲಾಸಿನ ಚಡ್ಡೀನೇ ಹಾಕ್ತಾ ಇರಬೇಕಿತ್ತು. ಬಟ್ಟೆ ಖರ್ಚಾದ್ರೂ ಉಳೀತಿತ್ತು."

ಅವನು ನಕ್ಕ. ಆ ನಗುವಿಗೆ ಅವಳು ಯಾವತ್ತೂ ಸೋತವಳೇ. ಕೈ ಇಳಿಸಿದಳು.

ಮರಿ ಬೆಳೆಯಿತು. ಮೂರು ಮೊಳದ ಗಾಜಿನ ಪೆಟ್ಟಿಗೆಯೊಳಗೆ ಒದ್ದೆ ಹಗ್ಗದ ಹಾಗೆ ಸುರುಳಿಯ ಮೇಲೆ ಸುರುಳಿಯಾಗಿ ಬಿದ್ದುಕೊಂಡಿತು. ಅಕ್ಕನ ಮುಂದೆ ಮಾತು ಉಳಿಸಿಕೊಳ್ಳಲು ಜಾತ್ಮಿಕೊ ಮೆಲ್ಲಗೆ ಅದರ ಊಟ ಕಡಿಮೆ ಮಾಡಿದ. ಬೆಳವಣಿಗೆ ನಿಧಾನವಾಯಿತು. "ನೋಡಿದ್ಯಾ, ಪೆಟ್ಟಿಗೆ ತಡೀತು," ಅಂದ.

"ಪೆಟ್ಟಿಗೆ ಅಲ್ಲ, ಹಸಿವು," ಅಂದಳು ವಿನಾರ್ಸಿ. ಅವಳು ಪೆಟ್ಟಿಗೆಯ ಹತ್ತಿರ ಹೋಗುತ್ತಿರಲಿಲ್ಲ. ಆದರೆ ತಮ್ಮನ ಕೋಣೆಯ ಬಾಗಿಲಲ್ಲಿ ನಿಂತರೆ ಸಾಕು, ಹಾವಿನ ಮೂತಿ ಅವಳು ಹೋದ ಕಡೆಗೆಲ್ಲ ತಿರುಗುತ್ತಿತ್ತು.

ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಎದ್ದುಹೋಗಿದ್ದರು. ಜಾತ್ಮಿಕೊ ಅಕ್ಕನಿಗಾಗಿ ಕೋಳಿ ಹೆಚ್ಚಿಕೊಟ್ಟವನು ಕೈಯನ್ನೂ ಸರಿಯಾಗಿ ತೊಳೆಯದೆ ಹಾವಿಗೆ ನೀರು ಬದಲಿಸಲು ಹೋದ. ಮುಚ್ಚಳ ಸರಿದ ಸದ್ದು, ಹಿಂದೆಯೇ ಗಾಜು ಒಡೆದ ಸದ್ದು.

"ಅಕ್ಕಾ." ಕೂಗಲ್ಲ, ಉಸಿರಿಲ್ಲದ ಕರೆ.

ವಿನಾರ್ಸಿ ಓಡಿಬಂದಾಗ ಅವನು ನೆಲದ ಮೇಲೆ ಕೂತಿದ್ದ. ಹಾವು ಮುಂಗೈಯನ್ನು ಕಚ್ಚಿ ಹಿಡಿದು, ತೋಳಿಗೆ ಸುತ್ತಿ, ಭುಜ ದಾಟಿ ಕುತ್ತಿಗೆಗೆ ಒಂದು ಸುತ್ತು ಹಾಕಿತ್ತು. ಎರಡಾಳು ಉದ್ದ. ಅಷ್ಟುದ್ದ ಅದು ಆ ಪೆಟ್ಟಿಗೆಯಲ್ಲಿ ಹೇಗಿತ್ತು ಎಂಬುದೇ ಅವಳಿಗೆ ಮೊದಲು ಹೊಳೆದದ್ದು.

"ಬಾಲದಿಂದ... ಬಿಚ್ಚು," ಅಂದ. ಮುಖ ಕಪ್ಪಿಡುತ್ತಿತ್ತು.

ವಿನಾರ್ಸಿ ಬಾಲ ಹಿಡಿದಳು. ಅದು ತಣ್ಣಗಿತ್ತು, ಒಳಗಿನಿಂದ ಬಿಗಿಯುತ್ತಿತ್ತು. ಎಳೆದಳು. ಕುತ್ತಿಗೆಯ ಸುತ್ತು ಬೆರಳು ತೂರುವಷ್ಟು ಸಡಿಲಾಯಿತು, ಮತ್ತೆ ಬಿಗಿಯಿತು. ಹಾವು ಎಂದು ಅವಳು ಕೂಗಿದ್ದು ಕೇಳಿ ಎದುರು ಸೈಕಲ್ ಅಂಗಡಿಯ ಹರ್ಯೋನೊ ಮಚ್ಚು ಹಿಡಿದು ಓಡಿಬಂದ. "ಪಕ್ಕಕ್ಕೆ ಸರಿ ತಂಗಿ, ಒಂದೇ ಏಟು."

"ಏಟು ಹುಡುಗನ ಕುತ್ತಿಗೆಗೆ ಬೀಳುತ್ತೆ ಅಣ್ಣ. ಮಚ್ಚು ಕೆಳಗಿಟ್ಟು ಈ ಬಾಲ ಹಿಡ್ಕೊ. ಬಿಡಬೇಡ."

ಅವಳು ಅಡುಗೆಮನೆಗೆ ಓಡಿ, ಉಪ್ಪಿನಕಾಯಿಗೆಂದು ಇಟ್ಟಿದ್ದ ವಿನೆಗರ್ ಸೀಸೆ ತಂದಳು. ಹಾವಿನ ತಲೆಯ ಪಕ್ಕದಲ್ಲೇ ಮಂಡಿಯೂರಿ ಬಾಯಿಯ ಸಂದಿಗೆ ಸುರಿದಳು. ಏನೂ ಆಗಲಿಲ್ಲ. ಅರ್ಧ ಸೀಸೆ ಖಾಲಿಯಾದ ಮೇಲೆ ದವಡೆ ತೆರೆದುಕೊಂಡಿತು. ಹರ್ಯೋನೊ ಸುತ್ತು ಬಿಚ್ಚುತ್ತಾ ಹೋದ, ಇವಳು ತಲೆಯ ಹಿಂಭಾಗ ಅದುಮಿ ಹಿಡಿದಳು. ಜಾತ್ಮಿಕೊ ಕೆಮ್ಮುತ್ತಾ ಗೋಡೆಗೆ ಒರಗಿದ.

ಅಕ್ಕಿಚೀಲಕ್ಕೆ ತುಂಬುವಾಗ ಅವಳು ಹಾವನ್ನು ಹತ್ತಿರದಿಂದ ಕಂಡಳು. ಗಾಜಿಗೆ ಉಜ್ಜಿ ಉಜ್ಜಿ ಮೂತಿ ಹಸಿಗಾಯವಾಗಿತ್ತು. ಬೆನ್ನೆಲುಬು ಎದ್ದು ಕಾಣುತ್ತಿತ್ತು.

"ಈಗಾದ್ರೂ ಕೊಂದುಬಿಡೋಣ," ಅಂದ ಹರ್ಯೋನೊ.

"ಹಸಿದದ್ದು ಕೋಳಿ ವಾಸನೆಗೆ ಬಾಯಿ ಹಾಕ್ತು. ಹೊಡೆಯೋದಾದ್ರೆ ಇವನಿಗೆ ಹೊಡಿ."

ತಮ್ಮನ ಕೈಗೆ ಹೊಲಿಗೆ ಬಿತ್ತು. ಅದು ಮಾಯುವಷ್ಟರಲ್ಲಿ ವಿನಾರ್ಸಿ ಹಿತ್ತಲ ಕೋಣೆಯಿಂದ ಬೆಂಚುಗಳನ್ನೆಲ್ಲ ಹೊರಗೆ ಹಾಕಿಸಿ, ಕಿಟಕಿಗೆ ಗಟ್ಟಿ ಜಾಲರಿ ಬಡಿಸಿ, ಹಾವನ್ನು ಅಲ್ಲಿಗೆ ಬಿಡಿಸಿದಳು. ಬೀಗದ ಕೈ ತನ್ನ ಸೊಂಟದಲ್ಲೇ ಇರುತ್ತೆ, ಇನ್ನೊಬ್ಬರು ಜೊತೆಗಿಲ್ಲದೆ ಅವನು ಒಳಗೆ ಕಾಲಿಡಬಾರದು ಎಂದಳು. ಅವನು ಹೂಂ ಅಂದ.

ಹೊಟ್ಟೆ ತುಂಬಿದ ಹಾವು ಗೋಡೆಯುದ್ದಕ್ಕೂ ಮೈ ಚಾಚಿ ಮಲಗಿತ್ತು. ಅಕ್ಕ ತಮ್ಮ ಇಬ್ಬರೂ ಜಾಲರಿಯ ಹೊರಗೆ ನಿಂತು ನೋಡಿದರು. ಅವಳು ತಮ್ಮನಿಗಿಂತ ಒಂದು ಹೆಜ್ಜೆ ಹಿಂದೆ.

"ಇದು ಇನ್ನೂ ಬೆಳೆಯುತ್ತಾ?"

"ಬೆಳೆಯುತ್ತೆ ಅಕ್ಕ. ಇದರ ಎರಡರಷ್ಟಾದ್ರೂ ಆಗಬಹುದು."

"ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು?"

ಜಾತ್ಮಿಕೊ ಕೈಮೇಲಿನ ಹೊಲಿಗೆಯ ಗುರುತನ್ನು ಸವರಿಕೊಂಡ. ಅವಳು ಬೀಗ ಎಳೆದು ನೋಡಿ, ಸಾರಿನ ಪಾತ್ರೆಯ ಕಡೆಗೆ ಹೋದಳು.