ಒಂಬತ್ತನೇ ಶಾಲೆಯ ಉತ್ತರದ ಗೋಡೆ

ಮಾರ್ಚ್ ತಿಂಗಳ ಆ ಶುಕ್ರವಾರವೂ ನಾನು ಒಂಬತ್ತನೇ ನಂಬರಿನ ಶಾಲೆಯ ಹಿಂದೆ ನಿಂತು, ಉತ್ತರದ ಗೋಡೆಯ ಬುಡದಲ್ಲಿ ಬಿದ್ದಿದ್ದ ಕೆಂಪು ಪುಡಿಯನ್ನು ಗುಡಿಸಿ ಬಕೆಟ್ಟಿಗೆ ತುಂಬುತ್ತಿದ್ದೆ. ಶನಿವಾರ ಆರ್ವಿಡ್ ಬರುವುದರೊಳಗೆ ನೆಲ ಚೊಕ್ಕಟವಾಗಬೇಕಿತ್ತು. ಮೂರು ಚಳಿಗಾಲ ಹೀಗೇ ನಡೆಸಿಕೊಂಡು ಬಂದಿದ್ದೆ. ಪುಡಿಯನ್ನು ಬೇಲಿಯ ಹತ್ತಿರ ಸುರಿದು, ಮೇಲೆ ಒಣಹುಲ್ಲು ಎಳೆದು, ಬೀಗವನ್ನು ಎರಡು ಸಲ ಜಗ್ಗಿ ನೋಡಿ ಮನೆಗೆ ಹೋಗುತ್ತಿದ್ದೆ. ದಾರಿಯಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಯೋಚನೆಯಾಗುತ್ತಿತ್ತು.

ಆರ್ವಿಡ್ ಟಾಲ್ಸನ್‌ಗೆ ಎಂಬತ್ತಾರು ವರ್ಷ. ಪ್ರತಿ ಶನಿವಾರ ಬೆಳಿಗ್ಗೆ ಊರುಗೋಲು ಹಿಡಿದು ಬಂದು ಶಾಲೆಯ ಮುಂದಿನ ಕಂಬಕ್ಕೆ ಬಾವುಟ ಏರಿಸುತ್ತಾರೆ, ಬಾಗಿಲ ಪಕ್ಕದ ಇಟ್ಟಿಗೆಯನ್ನು ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಾರೆ. ಹಿಂದಿನ ಬದಿಯಲ್ಲಿ ಮಂಜುಗಡ್ಡೆ ಬೇಗ ಕರಗದು, ಜಾರುತ್ತದೆ ಎಂದು ಆ ಕಡೆ ಹೋಗುವುದಿಲ್ಲ. ಜಾರುತ್ತದೆ ಎಂದು ಹೇಳಿದವಳು ನಾನೇ.

೧೯೯೩ರಿಂದ ಮೂರು ಬೇಸಿಗೆ, ಹೊಲದ ಕೆಲಸ ಮುಗಿಸಿದ ಮೇಲೆ, ಆ ಶಾಲೆಯ ನಾಲ್ಕು ಗೋಡೆಗಳ ಸಂದುಗಳನ್ನು ಅವರು ಒಂದಿಬ್ಬರನ್ನು ಜೊತೆಗಿಟ್ಟುಕೊಂಡು ತಮ್ಮ ಕೈಯಾರೆ ತುಂಬಿದ್ದರು. ಉದುರುತ್ತಿದ್ದ ಹಳೆಯ ಗಾರೆಯನ್ನು ಕೆರೆದು ತೆಗೆದು ಒಳ್ಳೆಯ ಗಟ್ಟಿ ಸಿಮೆಂಟು ಹಾಕಿದ್ದರು. ಅವರು ಓದಿದ ಶಾಲೆ ಅದು. ಬಾಗಿಲ ಮೇಲಿನ ಹಿತ್ತಾಳೆ ತಗಡಿನಲ್ಲಿ ಅವರ ಹೆಸರು ಮೊದಲಿಗಿದೆ.

ನಮ್ಮ ವೆಂಡ್ರಿಕ್ ಕೌಂಟಿಯಲ್ಲಿ ಉಳಿಸಿಕೊಂಡಿರುವ ಹಳೆಯ ಕಟ್ಟಡಗಳು ಹದಿನಾಲ್ಕು. ಎರಡು ಕೋಣೆಯ ಜೈಲು, ರೈಲು ನಿಲ್ಲದ ರೈಲು ನಿಲ್ದಾಣ, ಪ್ರಾರ್ಥನೆಯಿಲ್ಲದ ಎರಡು ಚರ್ಚು, ಒಂದು ದುಂಡು ಕೊಟ್ಟಿಗೆ, ಹೀಗೆ. ಉಳಿಸುವ ಸಂಘದಲ್ಲಿ ಇರುವವರು ಐದು ಜನ. ಒಂದರ ಸೂರು ಮುಚ್ಚುವಷ್ಟರಲ್ಲಿ ಇನ್ನೊಂದರ ಸೂರು ಹಾರುತ್ತದೆ. ಮೂವತ್ತು ವರ್ಷದಿಂದ ನಾನು ಇದರ ಕಾರ್ಯದರ್ಶಿ. ಬಿಟ್ಟುಬಿಡೋಣ ಎಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಯಾರಿಗೆ ಬಿಡುವುದು?

ಆ ವಾರ ರಾಜ್ಯದ ಕಚೇರಿಯಿಂದ ಮಿಸ್ ಕಾರ್ವರ್ ಎಂಬಾಕೆ ಬಂದುಹೋಗಿದ್ದಳು. ನನ್ನ ಮಗಳಿಗಿಂತ ಚಿಕ್ಕವಳು. ಜೇಬಿನಿಂದ ಸಣ್ಣ ಚಾಕು ತೆಗೆದು ಗೋಡೆಯ ಸಂದಿಗೆ ಚುಚ್ಚಿದಳು. ಚಾಕು ಇಳಿಯಲಿಲ್ಲ. ಅದೇ ಚಾಕುವನ್ನು ಇಟ್ಟಿಗೆಗೆ ಮುಟ್ಟಿಸಿದಳು. ಬಿಸ್ಕತ್ತಿನ ಹಾಗೆ ಒಂದು ಚಕ್ಕೆ ಕಳಚಿ ಬಿತ್ತು.

"ಯಾರು ಹಾಕಿದ್ದು ಈ ಸಿಮೆಂಟು?"

"ನಮ್ಮವರೇ," ಎಂದೆ.

"ಇಟ್ಟಿಗೆ ಇಲ್ಲೇ ತೊರೆ ಪಕ್ಕ ಸುಟ್ಟಿದ್ದಲ್ವಾ? ತುಂಬಾ ಮೆತ್ತಗಿದೆ. ಗೋಡೆ ಕುಡಿದ ನೀರು ಸಂದಿನಿಂದ ಆಚೆ ಹೋಗ್ಬೇಕು, ಅದಕ್ಕೇ ಹಿಂದಿನವರು ಸುಣ್ಣದ ಗಾರೆ ಹಾಕ್ತಿದ್ರು. ನೀವು ಸಂದು ಬಿಗಿದುಬಿಟ್ಟಿದೀರಿ. ಈಗ ನೀರು ಇಟ್ಟಿಗೆಯೊಳಗೇ ಹೆಪ್ಪುಗಟ್ಟುತ್ತೆ, ಮುಖ ಕಿತ್ಕೊಂಡು ಬರುತ್ತೆ. ಬಿಸಿಲು ಬೀಳೋ ಗೋಡೆಗಳು ಹೇಗೋ ತಡ್ಕೊಂಡಿವೆ. ಇದು ತಡ್ಕೊಳ್ಳಲ್ಲ."

"ಎಷ್ಟು ದಿನ?"

"ಎರಡು ಚಳಿಗಾಲ. ಮೂರನೇದರ ಮಾತು ನಾನು ಹೇಳಲ್ಲ."

ಸಿಮೆಂಟು ಬಿಡಿಸಿ ಸುಣ್ಣದ ಗಾರೆ ತುಂಬಲು ರಾಜ್ಯದ ನೆರವು ಸಿಗುತ್ತದೆ, ಆದರೆ ಅರ್ಜಿಯಲ್ಲಿ ಹಾನಿಯ ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು ಎಂದಳು. "ಕಟ್ಟಡಕ್ಕೆ ವಯಸ್ಸಾಗಿದೆ ಅಂತ ಮಾತ್ರ ಬರೀಬೇಡಿ. ಅಂಥವು ನೇರ ಬುಟ್ಟಿಗೆ ಹೋಗ್ತವೆ. ಹಳೇ ದುರಸ್ತಿ ಬಗ್ಗೆ ಕಾಗದಪತ್ರ ಏನಾದ್ರೂ ಇದ್ರೆ ಹಾಕಿ."

ಬರೆಯುವುದು ಕಷ್ಟವಲ್ಲ. ಓದುವುದು ಕಷ್ಟ. ಬಹಳ ಹಿಂದೆ ಒಬ್ಬ ಕಾರ್ಯದರ್ಶಿ ಯಾರನ್ನೂ ಕೇಳದೆ ಕಾಗದ ಬರೆದು ಚರ್ಚಿನ ಗಂಟೆಯನ್ನು ಪಕ್ಕದ ಕೌಂಟಿಗೆ ಕೊಟ್ಟುಬಿಟ್ಟಿದ್ದಳಂತೆ. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟಳೆ. ಸಂಘದಿಂದ ಹೊರಹೋಗುವ ಪ್ರತಿ ಕಾಗದವನ್ನೂ ಸಭೆಯಲ್ಲಿ ಗಟ್ಟಿಯಾಗಿ, ಪದ ಬಿಡದೆ ಓದಬೇಕು. ಓದಿ ಮುಗಿದ ಮೇಲೆ ಒಬ್ಬರು "ಕಳಿಸೋಣ ಅಂತ ನನ್ನ ಸೂಚನೆ" ಎನ್ನಬೇಕು. ನಾನು ಕಂಡ ಮೂವತ್ತು ವರ್ಷದಲ್ಲಿ ಆ ಮಾತನ್ನು ಆರ್ವಿಡ್ ಬಿಟ್ಟು ಬೇರೆ ಯಾರೂ ಆಡಿಲ್ಲ.

ಅರ್ಜಿಯನ್ನು ನಾಲ್ಕು ಸಲ ಬರೆದೆ. "ತಪ್ಪಾದ ದುರಸ್ತಿ" ಎಂದು ಬರೆದು ಹೊಡೆದುಹಾಕಿದೆ. "ಹೊಂದದ ದುರಸ್ತಿ" ಎಂದೆ. ಕೊನೆಗೆ, "ಹಿಂದಿನ ದುರಸ್ತಿಯಲ್ಲಿ ಬಳಸಿದ ಗಟ್ಟಿ ಸಿಮೆಂಟಿನಿಂದಾಗಿ ಉತ್ತರದ ಗೋಡೆಯ ಇಟ್ಟಿಗೆಗಳು ಮುಖ ಕಳಚುತ್ತಿವೆ" ಎಂದು ನಿಲ್ಲಿಸಿದೆ. ಆ ಸಾಲಿನಲ್ಲಿ ಮನುಷ್ಯರೇ ಇರಲಿಲ್ಲ. ಸಿಮೆಂಟು ತಾನಾಗಿ ಬಂದು ಕೂತ ಹಾಗಿತ್ತು.

ಹಳೆಯ ಕಾಗದಗಳನ್ನು ಹುಡುಕಬೇಕಾಗಿ ಬರಲಿಲ್ಲ. ನನಗೆ ಬೇಕಾದದ್ದು ಯಾವ ಕಪಾಟಿನ ಯಾವ ಕಡತದಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು. ರಾಜ್ಯದ ಕಚೇರಿ ಕಳಿಸಿದ್ದ ಎಂಟು ಪುಟದ ಪುಸ್ತಿಕೆ. ಹಳೆಯ ಇಟ್ಟಿಗೆಗೆ ಸಿಮೆಂಟು ಬೇಡ ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿದೆ. ಮೇಲಿನ ಮೂಲೆಯಲ್ಲಿ ನನ್ನ ಕೈಬರಹ: "ಬಂದದ್ದು, ಜೂನ್ ೧೧, ೧೯೯೪." ಅದನ್ನು ಕೈಚೀಲಕ್ಕೆ ಹಾಕಿಕೊಂಡೆ. ಹೊರಗೆ ತೆಗೆಯುತ್ತೇನೆಂದು ಆಗ ತೀರ್ಮಾನಿಸಿರಲಿಲ್ಲ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಹಳೆಯ ರೈಲು ನಿಲ್ದಾಣದಲ್ಲಿ ಸಭೆ. ಅಧ್ಯಕ್ಷೆ ಲಿಯೋಟ ಶಿಮೆಕ್ ಹಂದಿಮಾಂಸ, ಆಲೂಗಡ್ಡೆ ಬೇಯಿಸಿ ತಂದಿದ್ದರು. ನಾನು ಸೇಬಿನ ಪೈ ಮಾಡಿದ್ದೆ. ಐದನೆಯ ಸದಸ್ಯ ಲೈಲ್ ಬಂದಿರಲಿಲ್ಲ, ಅವನ ಹಸುಗಳು ಕರು ಹಾಕುವ ಕಾಲ.

"ಹದಿನಾಲ್ಕು ಕಟ್ಟಡ ಅಂತ ಪ್ರತಿ ಸಲ ಬರೀತೀಯಲ್ಲ ನೆಡ್ರಾ," ಎಂದ ವೆಂಡೆಲ್ ಗ್ರೂಬರ್, ತಟ್ಟೆ ತುಂಬಿಕೊಳ್ಳುತ್ತಾ. ಅವನು ನನ್ನ ಜೊತೆ ಓದಿದವನು. "ಹತ್ತೊಂಬತ್ತು ಅಂತ ಬರಿ. ನಮ್ಮೈದು ಜನಾನೂ ಸೇರಿಸು. ರಾಜ್ಯದವರು ಏನಾದ್ರೂ ಕೊಟ್ಟಾರು."

"ನಿನಗೆ ಕೊಡಲ್ಲ ಕಣಪ್ಪ," ಎಂದರು ಲಿಯೋಟ. "ನಿನ್ನ ಸೂರು ಆಗಲೇ ಹಾರಿಹೋಗಿದೆ."

ವೆಂಡೆಲ್ ತನ್ನ ಬೋಳುತಲೆ ಸವರಿಕೊಂಡ. ಆರ್ವಿಡ್ ನಕ್ಕರು. "ಏ ಹುಡುಗಿ, ಬೇಗ ಓದು. ಆ ಪೈ ಆರ್ತಾ ಇದೆ," ಎಂದರು ನನಗೆ. ನನಗೆ ಅರವತ್ತೆಂಟು. ಅವರಿಗೆ ನಾನು ಈಗಲೂ ಹುಡುಗಿ.

ಓದಿದೆ. ಆ ಸಾಲು ಬಂದಾಗ ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ. ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟೆ. ಆರ್ವಿಡ್ ಆಡಬೇಕಾದ ಮಾತಿಗೆ ಎಲ್ಲರೂ ಕಾದೆವು. ನಾನು ಅವರ ಕೈ ನೋಡುತ್ತಿದ್ದೆ. ಊರುಗೋಲಿನ ಹಿಡಿಯ ಮೇಲೆ ಹೆಬ್ಬೆರಳು ಆಡುತ್ತಿದ್ದುದು ನಿಂತಿತ್ತು.

"ಆ ಸಾಲು ಇನ್ನೊಂದ್ಸಲ ಓದು."

ಓದಿದೆ.

"ಹಿಂದಿನ ದುರಸ್ತಿ ಅಂದ್ರೆ ಯಾವುದು?"

"ತೊಂಬತ್ತನಾಲ್ಕರದು, ಆರ್ವಿಡ್."

"ಅದಕ್ಕೆ ಮಾಡಿದೋರ ಹೆಸರಿಲ್ವಾ?"

"ಅರ್ಜೀಲಿ ಹೆಸರು ಬರೆಯೋ ಜಾಗ ಇರಲ್ಲಪ್ಪ," ಎಂದು ಲಿಯೋಟ ನಡುವೆ ಬಂದರು. "ಇನ್ನೂ ಸ್ವಲ್ಪ ಕಾಫಿ ಹಾಕ್ಲಾ?"

"ನಾನು ಕೇಳ್ತಿರೋದು ನೆಡ್ರಾನ."

"ನೀವು ಮಾಡಿದ್ದು," ಎಂದೆ. "ಇಟ್ಟಿಗೆ ಒಡೆಯುತ್ತಿರೋದು ಅದರಿಂದಲೇ. ನಾನೂ ಕಣ್ಣಾರೆ ನೋಡಿದೀನಿ."

ಅವರು ಕಿಟಕಿಯ ಕಡೆ ತಿರುಗಿದರು. ಹಳಿ ಕಿತ್ತ ಜಾಗದಲ್ಲಿ ಹುಲ್ಲು ಮಲಗಿತ್ತು. ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲವೆನ್ನುವ ಹಾಗೆ, "ಗಟ್ಟಿಯಾಗಿರಲಿ ಅಂತ ಹಾಕಿದ್ದು. ನಮಗೇನು ಗೊತ್ತಿತ್ತು?" ಎಂದರು.

"ಅದೇ ಮತ್ತೆ!" ವೆಂಡೆಲ್ ಮುಷ್ಟಿಯಿಂದ ಮೇಜು ಕುಟ್ಟಿದ. "ಈಗ ಚಾಕು ಹಿಡ್ಕೊಂಡು ಬರ್ತಾರೆ. ನಾವು ಬಿಸಿಲಲ್ಲಿ ಸಾಯ್ತಿದ್ದಾಗ ಎಲ್ಲಿದ್ರು ಇವರು? ಒಂದು ಮಾತು ಹೇಳಿದ್ರಾ?"

"ಅದನ್ನೂ ಸೇರಿಸು ಹುಡುಗಿ," ಎಂದರು ಆರ್ವಿಡ್. ಅವರ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು. "ನಮಗೆ ಆಗ ಯಾರೂ ಹೇಳಿರ್ಲಿಲ್ಲ ಅಂತ ಒಂದು ಸಾಲು ಹಾಕು. ಹಾಕಿದ್ರೆ ನಾನು ಈಗಲೇ ಸೂಚನೆ ಮಾಡ್ತೀನಿ."

ಒಂದೇ ಒಂದು ಸಾಲು. ಲಿಯೋಟ ನನ್ನ ಕಡೆಗೆ ಪೆನ್ನು ದಬ್ಬಿದರು. ಬರೆದಿದ್ದರೆ ಎಲ್ಲವೂ ಸಲೀಸಾಗಿ ಮುಗಿಯುತ್ತಿತ್ತು. ಗೋಡೆಗೆ ನೆರವು, ಆರ್ವಿಡ್‌ಗೆ ಮರ್ಯಾದೆ, ನನಗೆ ಅದೇ ಹಳೆಯ ಹೆಸರು. ಪೆನ್ನು ಕೈಗೆ ತೆಗೆದುಕೊಂಡೆ. ಮತ್ತೆ ಕೆಳಗಿಟ್ಟೆ. ಇಷ್ಟು ವರ್ಷ ಗುಡಿಸಿದ್ದಕ್ಕೆ ಬೆನ್ನು ನೋಯುತ್ತಿತ್ತು ಎಂದರೆ ನಂಬುತ್ತೀರೋ ಇಲ್ಲವೋ, ನಿಜವಾಗಿ ನೋಯುತ್ತಿತ್ತು.

"ಹೇಳಿದ್ರು," ಎಂದು ಕೈಚೀಲದಿಂದ ಪುಸ್ತಿಕೆ ತೆಗೆದು ಅವರ ಮುಂದಿಟ್ಟೆ. "ಇದು ಬಂದಿತ್ತು. ನಾನು ಓದಿ ಕಡತಕ್ಕೆ ಹಾಕಿದ್ದೆ."

ಆರ್ವಿಡ್ ಕನ್ನಡಕ ಏರಿಸಿ ಮೂಲೆಯ ತಾರೀಖನ್ನು ಬೆರಳಿಟ್ಟು ಓದಿದರು. ಒಳಗಿನ ಪುಟ ತಿರುಗಿಸಲಿಲ್ಲ.

"ಜೂನ್ ಹನ್ನೊಂದು."

"ಹೌದು."

"ಉತ್ತರದ ಗೋಡೆಗೆ ನಾನು ಏಣಿ ಹಾಕಿದ್ದು ಜುಲೈನಲ್ಲಿ."

"ಗೊತ್ತು."

"ಗೊತ್ತು!" ಎಂದರು. ಕನ್ನಡಕ ತೆಗೆದು, "ಯಾಕೆ?" ಎಂದರು.

"ಮುಂದಿನ ಸಭೇಲಿ ಓದ್ಬೇಕು ಅಂತಿದ್ದೆ. ಆಲಿಕಲ್ಲು ಬಿದ್ದು ಸಭೆ ನಡೀಲಿಲ್ಲ. ಅಷ್ಟರಲ್ಲಿ ನೀವು ಶುರು ಮಾಡಿಬಿಟ್ಟಿದ್ರಿ. ಆಗ ಐಯೋನ್ ಹಾಸಿಗೆ ಹಿಡಿದಿದ್ರು. ನಿಮಗೆ ಇದ್ದ ಸಮಾಧಾನ ಇದೊಂದೇ ಅಂತ—"

"ನನ್ನ ಹೆಂಡ್ತಿ ಹೆಸರನ್ನ ಇದಕ್ಕೆ ತರಬೇಡ."

"ಇಲ್ಲ," ಎಂದೆ. "ತರಲ್ಲ. ಹೇಳೋಕೆ ಧೈರ್ಯ ಬರ್ಲಿಲ್ಲ. ಅಷ್ಟೇ."

ವೆಂಡೆಲ್ ತಟ್ಟೆಯಲ್ಲಿ ಉಳಿದ ಆಲೂಗಡ್ಡೆಯನ್ನು ಅತ್ತಿಂದಿತ್ತ ಸರಿಸುತ್ತಿದ್ದ. ಬಾಯಿಗೆ ಹಾಕಲಿಲ್ಲ. ಆರ್ವಿಡ್ ಸೂಚನೆ ಮಾಡಲಿಲ್ಲ. ಅವರ ಬದಲು ಆ ಮಾತು ಆಡಲು ಉಳಿದವರಿಗೆ ಬಾಯಿ ಬರಲಿಲ್ಲ. ಅದು ಅವರ ಮಾತು. ಸೂಚನೆಯಿಲ್ಲದೆ ಅರ್ಜಿ ಹೋಗುವುದಿಲ್ಲ, ತಿಂಗಳ ಕೊನೆಗೆ ಗಡುವು ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಗೋಡೆಯ ಮೇಲೆ ರೈಲ್ವೆಯವರ ಹಳೆಯ ಗಡಿಯಾರ ಓಡುತ್ತಿತ್ತು. ಅದಕ್ಕೆ ಪ್ರತಿ ವಾರ ಕೀಲಿ ಕೊಡುವವರೂ ಆರ್ವಿಡ್ಡೇ.

ಕೊನೆಗೆ ಅವರು ಪುಸ್ತಿಕೆಯನ್ನು ನನ್ನ ಕಡೆಗೆ ಸರಿಸಿದರು.

"ಇದನ್ನೂ ಅರ್ಜಿ ಜೊತೆ ಹಾಕು. ನಿನ್ನ ಬರಹ ಇರೋ ಪುಟ ಕಾಣೋ ಹಾಗೆ ಹಾಕು."

"ಹಾಕ್ತೀನಿ."

"ದುರಸ್ತಿ ಮುಂದೆ ನನ್ನ ಹೆಸರು ಬರಿ. ತಗಡಿನ ಮೇಲೆ ಇರೋ ಹೆಸರು ಇಲ್ಲೂ ಇರ್ಬೇಕು."

ಬರೆದೆ. ದುರಸ್ತಿ ಮಾಡಿದ ಅವರ ಹೆಸರು, ಪುಸ್ತಿಕೆಯನ್ನು ಕಡತಕ್ಕೆ ಹಾಕಿದ ನನ್ನ ಹೆಸರು, ಎರಡನ್ನೂ ಸೇರಿಸಿ ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದೆ, ಕಟ್ಟಳೆಯಂತೆ.

"ಕಳಿಸೋಣ ಅಂತ ನನ್ನ ಸೂಚನೆ," ಎಂದರು ಆರ್ವಿಡ್. ಲಿಯೋಟ ಅನುಮೋದಿಸಿದರು. ಆರ್ವಿಡ್ ಟೋಪಿ ಹಾಕಿಕೊಂಡು ಎದ್ದರು. ಪೈ ಮುಟ್ಟಲಿಲ್ಲ. ಗಡಿಯಾರಕ್ಕೆ ಮಾತ್ರ ಕೀಲಿ ಕೊಟ್ಟು ಹೋದರು.

ಮುಂದಿನ ಶುಕ್ರವಾರ ನಾನು ಗುಡಿಸಲಿಲ್ಲ. ಶನಿವಾರ ಬೆಳಿಗ್ಗೆ ಹೋದಾಗ ಬಾವುಟ ಆಗಲೇ ಏರಿತ್ತು. ಅವರು ಶಾಲೆಯ ಹಿಂದೆ ಬಕೆಟ್ಟು ಬೋರಲು ಹಾಕಿ, ಉತ್ತರದ ಗೋಡೆಗೆ ಮುಖ ಮಾಡಿ ಕೂತಿದ್ದರು. ಅಂಗೈ ಕೆಂಪಾಗಿತ್ತು.

"ವಾರಕ್ಕೆ ಇಷ್ಟು ಬೀಳುತ್ತಾ?" ಎಂದರು, ತಿರುಗದೆ.

"ಚಳಿಗಾಲದಲ್ಲಿ ಬೀಳುತ್ತೆ."

"ಮೂರು ವರ್ಷದ್ದು ಎಲ್ಲಿ ಹಾಕಿದ್ದು?"

ಬೇಲಿಯ ಕಡೆ ತೋರಿಸಿದೆ. ಅವರು ಎದ್ದು, ಹೆಜ್ಜೆ ಹೆಜ್ಜೆಗೆ ಊರುಗೋಲು ಊರಿ ಅಲ್ಲಿಯವರೆಗೆ ಹೋದರು. ಕೋಲಿನಿಂದ ಹುಲ್ಲು ಸರಿಸಿ ನೋಡಿದರು. ಅಲ್ಲಿ ಬಹಳ ಹೊತ್ತು ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ. ಜಾರಿದರೆ ಹಿಡಿಯುವಷ್ಟು ಹತ್ತಿರ ಇದ್ದೆ, ಅಷ್ಟೇ.

ಹಿಂದಿರುಗಿ ಬಂದು ಮತ್ತೆ ಬಕೆಟ್ಟಿನ ಮೇಲೆ ಕೂತರು. "ಗಾರೆ ಕೆಲಸದವರು ಬಂದಾಗ ನಾನು ಇರ್ತೀನೋ ಇಲ್ವೋ. ಈ ಮೂಲೆಯಿಂದ ಕಿಟಕಿವರೆಗೆ ನನ್ನ ಕೈ. ಒಂದಿಂಚು ಆಳಕ್ಕೆ ಹಾಕಿದೀನಿ. ಸಣ್ಣ ಉಳೀಲಿ, ನಿಧಾನಕ್ಕೆ ಬಿಡಿಸ್ಬೇಕು. ಯಂತ್ರ ಹಚ್ಚಿದ್ರೆ ಇಟ್ಟಿಗೇನೂ ಹೋಗುತ್ತೆ. ಕಿಟಕಿಯಿಂದಾಚೆ ಆಗ ನನ್ನ ಜೊತೆ ಕೆಲಸಕ್ಕೆ ಬರ್ತಿದ್ದ ಕ್ಲೈಡ್ ಮಾಡಿದ್ದು. ಅವನು ಸೋಮಾರಿ, ಮೇಲೆ ಮೇಲೆ ಸವರಿ ಬಿಯರ್ ಕುಡಿಯೋಕೆ ಹೋಗ್ತಿದ್ದ. ಎಷ್ಟು ಬೈದಿದ್ದೆ ಅವನನ್ನ!" ಅವರು ಆ ಕಡೆಯ ಇಟ್ಟಿಗೆಗಳ ಮೇಲೆ ಕೈಯಾಡಿಸಿದರು. ಅವು ಇಡಿಯಾಗಿದ್ದವು. "ನೋಡು, ಸೋಮಾರಿ ಗೋಡೆ ಉಳ್ಕೊಂಡಿದೆ."

ನನಗೆ ನಗು ಬಂತು. ಅವರು ನಗಲಿಲ್ಲವೆಂದು ತಡೆದುಕೊಂಡೆ.

"ಬರ್ಕೊಳ್ಳಿ, ಕಾರ್ಯದರ್ಶಿಗಳೇ," ಎಂದರು. "ನಾನು ಮತ್ತೆ ಮತ್ತೆ ಹೇಳಲ್ಲ."

ಹುಡುಗಿ ಎನ್ನುತ್ತಾರೇನೋ ಎಂದು ಒಂದು ಕ್ಷಣ ಕಾದೆ. ಅವರು ಕೋಲೆತ್ತಿ ಮೇಲಿನ ಸಾಲು ತೋರಿಸುತ್ತಿದ್ದರು. ನಾನು ಟಿಪ್ಪಣಿ ಪುಸ್ತಕ ತೆರೆದು, ಮೊಣಕಾಲಿಗೆ ಆನಿಸಿಕೊಂಡು, ಮೂಲೆಯಿಂದ ಕಿಟಕಿಯವರೆಗೆ, ಒಂದಿಂಚು ಆಳ, ಸಣ್ಣ ಉಳಿ ಎಂದು ಬರೆದುಕೊಳ್ಳತೊಡಗಿದೆ.