ಎಡಗೆನ್ನೆ

ಮರುಭೂಮಿಯ ಊರಾದ ಎಲ್ ಮೆನಿಯಾದ ಲಾರಿ ನಿಲ್ದಾಣದಲ್ಲಿ ಡ್ರೈವರ್ ಲಖ್ದರನಿಗೆ ಎರಡು ಮುಖ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು. ಬಲಗಡೆಯಿಂದ ನೋಡಿದರೆ ನಲವತ್ತರ ಗಟ್ಟಿ ಆಳು. ಎಡಗಡೆಯ ಕೆನ್ನೆ ಮಾತ್ರ ಜೋತುಬಿದ್ದು, ಕಣ್ಣಿನ ಕೊನೆಯಿಂದ ದವಡೆಯವರೆಗೆ ನೆರಿಗೆಗಟ್ಟಿತ್ತು. "ನಾನು ಮದುವೆಯಾಗಿದ್ದು ಬಲಗಡೆಯವನನ್ನ, ಈ ಮುದುಕ ಬಿಟ್ಟಿ ಬಂದವನು" ಎನ್ನುತ್ತಿದ್ದಳು ಹೆಂಡತಿ ವರ್ದಿಯಾ. ಲಖ್ದರನೂ ನಗುತ್ತಿದ್ದ.

ನಗು ನಿಂತದ್ದು ರಂಜಾನಿಗೆ ಮುಂಚಿನ ಒಂದು ಮಧ್ಯಾಹ್ನ. ಅವನ ತಾಯಿ ಹದ್ದಾಳ ಕಣ್ಣಿಗೆ ಪೊರೆ ಬಂದಿತ್ತು, ನೆನಪೂ ಆಗಾಗ ಕೈಕೊಡುತ್ತಿತ್ತು. ಅವಳ ಬಲಕ್ಕೆ ಕೂತು ಲಖ್ದರ್ ಚಹಾ ಬಗ್ಗಿಸುತ್ತಿದ್ದ. ಆಕೆ ತಿರುಗಿ ಅವನ ಎಡಗೆನ್ನೆ ನೋಡಿದಳು. ಕೈಲಿದ್ದ ಲೋಟ ಜಾರಿತು.

"ಬಂದ್ಯಾ ಸೆಬ್ತಿ?" ಎಂದಳು.

ಸೆಬ್ತಿ ಲಖ್ದರನ ಅಪ್ಪ. ಅವನೂ ಮಗನಂತೆ ತೆಂಕಲಿನ ತಮನ್ರಸೆತ್ ದಾರಿಯಲ್ಲಿ ಲಾರಿ ಓಡಿಸುತ್ತಿದ್ದ. ಲಖ್ದರ್ ಇನ್ನೂ ಶಾಲೆಗೆ ಹೋಗುವ ಹುಡುಗನಾಗಿದ್ದಾಗ ಅಪ್ಪನ ಲಾರಿ ಇನ್ ಸಲಾಹ್ ಊರಿನ ಆಚೆಯ ಬಯಲಲ್ಲಿ ಸಿಕ್ಕಿತು. ಬಾಗಿಲು ತೆರೆದಿತ್ತು, ನೀರಿನ ಡಬ್ಬ ತುಂಬಿತ್ತು, ಮನುಷ್ಯ ಇರಲಿಲ್ಲ. ಹೆಣವೂ ಸಿಗಲಿಲ್ಲ. ಹದ್ದಾ ಅಂದಿನಿಂದ ಗಂಡನ ಹೆಸರೆತ್ತಿರಲಿಲ್ಲ, ಅತ್ತದ್ದನ್ನೂ ಯಾರೂ ಕಂಡಿರಲಿಲ್ಲ.

"ನಾನು ಯೆಮ್ಮಾ, ಲಖ್ದರ್" ಎಂದು ಅವನು ಮುಖ ತಿರುಗಿಸಿದ. ಬಲಗೆನ್ನೆ ಕಂಡದ್ದೇ ಆಕೆ, "ನಿಮ್ಮಪ್ಪ ಎಲ್ಲಿ ಹೋದ? ಈಗಿಲ್ಲೇ ಕೂತಿದ್ದನಲ್ಲ" ಎಂದು ಕೋಣೆಯೆಲ್ಲ ಹುಡುಕತೊಡಗಿದಳು.

ಆಮೇಲೆ ಲಖ್ದರನಿಗೆ ಲಾರಿಯ ಪಕ್ಕದ ಕನ್ನಡಿ ನೋಡುವುದೇ ಹಿಂಸೆಯಾಯಿತು. ಅಲ್ಲಿಯ ಲಾರಿಗಳಲ್ಲಿ ಓಡಿಸುವವನ ಸೀಟು ಎಡಕ್ಕಿರುವುದರಿಂದ ಅದರಲ್ಲಿ ಎಡಗೆನ್ನೆಯಷ್ಟೇ ಕಾಣುತ್ತಿತ್ತು. ಹಿಂದಿನ ಗಾಡಿ ನೋಡಲೆಂದು ಕಣ್ಣು ಹಾಯಿಸಿದರೆ ಅಲ್ಲಿಂದ ಯಾರೋ ಇವನನ್ನೇ ನೋಡುತ್ತಿದ್ದಂತಿತ್ತು.

ಘರ್ದಾಯಾ ಪಟ್ಟಣಕ್ಕೆ ಹೋದಾಗ ಚರ್ಮದ ಡಾಕ್ಟರ್ ಸಿಹಾಮ್ ಬಳಿ ಹೋದ. ಆಕೆ ದೀಪ ಹಿಡಿದು ನೋಡಿ, "ಲಾರಿ ಓಡಿಸ್ತೀರಾ?" ಎಂದಳು.

"ಮುಖದ ಮೇಲೆ ಬರೆದಿದೆಯಾ ಡಾಕ್ಟ್ರೇ?"

"ಬರೆದಿದೆ. ತೆಂಕಲಿಗೆ ಹೋಗುವಾಗ ಬೆಳಗಿನ ಬಿಸಿಲು ಎಡಕ್ಕೆ, ವಾಪಸ್ಸು ಬರುವಾಗ ಸಂಜೆ ಬಿಸಿಲೂ ಎಡಕ್ಕೆ. ಗಾಜು ಏರಿಸಿದ್ರೆ ಬಿಸಿಲು ತಾಗಲ್ಲ ಅಂದ್ಕೊಂಡಿದ್ದೀರಿ. ಸುಡೋ ಕಿರಣವನ್ನ ಗಾಜು ತಡೆಯುತ್ತೆ, ಚರ್ಮದೊಳಗೆ ಇಳಿಯೋ ಕಿರಣ ಗಾಜು ದಾಟಿ ಬರುತ್ತೆ. ಚರ್ಮ ಬಿಗಿಯಾಗಿ ಹಿಡಿದಿಡೋ ಎಳೆಗಳನ್ನ ಅದು ಕಡಿದುಹಾಕುತ್ತೆ. ಅದರ ಮೇಲೆ ಸಿಗರೇಟು, ಕಣ್ಣು ಕಿರಿದು ಮಾಡಿ ದಾರಿ ನೋಡೋದು. ಇನ್ನೇನು ಉಳಿಯುತ್ತೆ?"

"ಅಳಿಸೋಕಾಗುತ್ತಾ?"

"ಬಿದ್ದ ಗೆರೆ ಪೂರ್ತಿ ಹೋಗಲ್ಲ. ಮುಂದೆ ಬೀಳೋದನ್ನ ತಡೀಬಹುದು. ಕಿಟಕಿಗೆ ಕಿರಣ ತಡೆಯೋ ಹಾಳೆ ಅಂಟಿಸಿ, ಬಿಸಿಲಿನ ಮುಲಾಮು ಹಚ್ಚಿ, ಬೆವರಿದಾಗ ಮತ್ತೆ ಹಚ್ಚಿ. ಕಪ್ಪು ಕನ್ನಡಕ ಹಾಕಿ, ರುಮಾಲನ್ನ ಕೆನ್ನೆ ಮೇಲೆ ಎಳ್ಕೊಳ್ಳಿ. ಸಿಗರೇಟು ಬಿಡಿ."

ಲಖ್ದರ್ ಎಲ್ಲವನ್ನೂ ಮಾಡಿದ. "ಮದುಮಗಳು ಹೊರಟಳು ನೋಡ್ರೋ" ಎಂದು ನಿಲ್ದಾಣದವರು ಕೂಗಿದರೂ ಕೆನ್ನೆಗೆ ಬಿಳಿ ಮುಲಾಮು ಬಳಿದುಕೊಂಡೇ ಗಾಡಿ ಹತ್ತಿದ. ಮನೆಯಲ್ಲಿ ತಾಯಿಗೆ ಎಡಗೆನ್ನೆ ಕಾಣದಂತೆ ಕೂತ. ಹದ್ದಾ ಮಾತ್ರ ಬಾಗಿಲ ಕಡೆ ನೋಡುತ್ತ ಊಟ ಬಿಟ್ಟಳು. "ಅವನು ಬರಲಿ, ಆಮೇಲೆ ಉಣ್ತೀನಿ" ಎನ್ನುತ್ತಿದ್ದಳು. ದಿನದಿನಕ್ಕೆ ಇಳಿದುಹೋದಳು.

ವರ್ದಿಯಾ ಕೊನೆಗೆ ರೇಗಿದಳು. "ಒಂದು ಸಲ ಆ ಕಡೆ ಹೋಗಿ ಕೂತ್ಕೋ. ನಿನ್ನ ಕೆನ್ನೆ ಏನೂ ಸವೆದುಹೋಗಲ್ಲ."

ಆ ಮಧ್ಯಾಹ್ನ ಅವನು ಎಡಗೆನ್ನೆ ಕಾಣುವಂತೆ ತಾಯಿಯ ಬಲಕ್ಕೆ ಹೋಗಿ ಕೂತ. ಹದ್ದಾ ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಿನಿಂದ ಒಂದೊಂದೇ ನೆರಿಗೆ ಸವರಿದಳು.

"ಹುಡುಗನಿಗೆ ಗೊತ್ತಿಲ್ಲ" ಎಂದು ಪಿಸುಗುಟ್ಟಿದಳು. "ಅವತ್ತು ಜಗಳದಲ್ಲಿ ನಾನೇ ಅಂದೆ, ಹೊಸ್ತಿಲು ದಾಟಿದ್ರೆ ಮತ್ತೆ ಈ ಮುಖ ತೋರಿಸ್ಬೇಡ ಅಂತ. ಅದಕ್ಕೇ ಬರಲಿಲ್ವಾ?"

 ಲಖ್ದರನಿಗೆ ಸುಮ್ಮನೆ ಎದ್ದುಹೋಗಬೇಕೆನ್ನಿಸಿತು. ಆದರೆ ಬಾಯಿ ತಾನಾಗಿ ತೆರೆಯಿತು. "ಇಲ್ಲ ಹದ್ದೂದಾ. ನಿನ್ನ ಮಾತಿಗಲ್ಲ. ಇಂಜಿನ್ ಕೆಟ್ಟಿತ್ತು. ದೂರದಲ್ಲಿ ಗುಡಾರದಂಥದ್ದು ಕಾಣಿಸ್ತು, ಯಾರನ್ನಾದ್ರೂ ಕರ್ಕೊಂಬರೋಣ ಅಂತ ನಡೆದೆ."

"ನೀರು ಯಾಕೆ ಬಿಟ್ಟು ಹೋದೆ?"

"ಹತ್ತಿರ ಅನ್ನಿಸ್ತು. ಈಗ ಬಂದ್ಬಿಡ್ತೀನಿ ಅಂದ್ಕೊಂಡೆ."

ಆಕೆ ತಲೆಯಾಡಿಸಿದಳು. "ಯಾವತ್ತೂ ಹಾಗೇ ನೀನು" ಎಂದಳು. ಆಮೇಲೆ ಅತ್ತಳು, ಮನೆ ಮಂದಿಯೆಲ್ಲ ಓಡಿಬರುವಷ್ಟು ಜೋರಾಗಿ.

ಮರುದಿನ ತಾನಾಗಿ ಊಟ ಕೇಳಿದಳು. ಇಮಾಮರನ್ನು ಕರೆಸಿ, ಹೆಣ ಸಿಗದೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಮಾಡಿಸಿದಳು. ನೆರೆಯವರು ಕುಸ್ಕುಸ್ ಊಟದ ತಟ್ಟೆ ಹೊತ್ತು ಬಂದು ಸಾಂತ್ವನ ಹೇಳಿದರು. ಅಂದಿನಿಂದ ಲಖ್ದರ್ ಯಾವ ಕಡೆ ಕೂತರೂ ಅವಳಿಗೆ ಮಗನೇ.

ಬಂದವರೆಲ್ಲ ಹೋದ ಮೇಲೆ ವರ್ದಿಯಾ ಪಾತ್ರೆ ತೊಳೆಯುತ್ತ ಕೇಳಿದಳು, "ಹದ್ದೂದಾ ಅಂತ ನಿಮ್ಮಪ್ಪ ಕರೀತಿದ್ದದ್ದಾ? ಅತ್ತೆಯನ್ನ ಕೇಳಿದೆ. ಯಾರ ಎದುರಿಗೂ ಅವನು ಹಾಗೆ ಕರೆದವನಲ್ಲ ಅಂದ್ರು."

"ಚಿಕ್ಕವನಿದ್ದಾಗ ಕಿವಿಗೆ ಬಿದ್ದಿರ್ಬೇಕು" ಎಂದ ಲಖ್ದರ್.

"ಮತ್ತೆ ಗುಡಾರದ ವಿಷಯ? ಅದನ್ನ ನಿನಗೆ ಯಾರು ಹೇಳಿದ್ರು?"

ಅವನು ಎದ್ದು ತೊಳೆದ ಪಾತ್ರೆಗಳನ್ನು ಒಳಗೆ ಹೊತ್ತೊಯ್ದ. ಮುಂದಿನ ವಾರ ಖರ್ಜೂರ ತುಂಬಿಕೊಂಡು ತೆಂಕಲಿಗೆ ಹೊರಟಾಗ ವರ್ದಿಯಾಳ ಅಣ್ಣನನ್ನು ಕರೆದು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. ಇನ್ ಸಲಾಹ್ ದಾಟಿ ಅಪ್ಪ ಕಾಣೆಯಾದ ಬಯಲು ಬಂದ ಮೇಲೆ ಆ ಮನುಷ್ಯನಿಗೆ ಒಂದು ಗಳಿಗೆಯೂ ನಿದ್ದೆ ಮಾಡಲು ಬಿಡಲಿಲ್ಲ. ಏನಾದರೂ ಮಾತಾಡು, ಏನಾದರೂ ಮಾತಾಡು ಎಂದು ಪೀಡಿಸುತ್ತಲೇ, ಪಕ್ಕದ ಕನ್ನಡಿಯತ್ತ ಕಣ್ಣು ಹಾಯಿಸದೆ ಗಾಡಿ ಓಡಿಸಿದ.